ಇಳಿವಯಸ್ಸಿನವರ ಚರ್ಮದ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ: ಯಾರಿಗೆ ಸೂಕ್ತ, ಎಷ್ಟು ಸಲ ಓಡಾಟ?

ಮೂಗಿನ ಪಕ್ಕದಲ್ಲೊಂದು ಕಪ್ಪು ಗಂಟು. ಆಗಾಗ ಸ್ವಲ್ಪ ರಕ್ತ ಜಿನುಗುತ್ತದೆ, ಹೊಪ್ಪಳೆ ಕಟ್ಟುತ್ತದೆ, ಹೊಪ್ಪಳೆ ಉದುರಿದ ಮೇಲೆ ಮತ್ತೆ ಹಸಿಯಾಗುತ್ತದೆ. ನೋವಿಲ್ಲ. ಎಪ್ಪತ್ತೈದು ದಾಟಿದ ಹಿರಿಯರು ಇದನ್ನು ಮಚ್ಚೆ ಎಂದೋ ನರಹುಲಿ ಎಂದೋ ವರ್ಷಗಟ್ಟಲೆ ಸುಮ್ಮನೆ ಬಿಟ್ಟಿರುತ್ತಾರೆ. ಹಬ್ಬಕ್ಕೆ ಊರಿಗೆ ಬಂದ ಮಗಳೋ ಮೊಮ್ಮಗನೋ ಅದನ್ನು ಗಮನಿಸಿ ಆಸ್ಪತ್ರೆಗೆ ಕರೆದೊಯ್ದಾಗ ಚರ್ಮದ ಕ್ಯಾನ್ಸರ್ ಎಂಬ ಮಾತು ಮೊದಲ ಬಾರಿಗೆ ಕಿವಿಗೆ ಬೀಳುತ್ತದೆ. ಅದರ ಬೆನ್ನಿಗೇ ಎರಡು ಪ್ರಶ್ನೆಗಳು ಏಳುತ್ತವೆ. ಈ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆ ಬೇಕೇ? ಬೇಡವಾದರೆ ನಮ್ಮ ಕಡೆ ಜನ 'ಕರೆಂಟು ಕೊಡುವುದು' ಎನ್ನುವ ವಿಕಿರಣ ಚಿಕಿತ್ಸೆಯಿಂದ ಗುಣವಾದೀತೇ?

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಕುಟುಂಬಗಳಿಗೆ ಇದರ ಜೊತೆಗೆ ಮೂರನೆಯ ಪ್ರಶ್ನೆಯೂ ಇದೆ. ಅದು ಪ್ರಯಾಣದ್ದು. ವಿಕಿರಣ ಚಿಕಿತ್ಸೆ ಒಂದೇ ದಿನದಲ್ಲಿ ಮುಗಿಯುವುದು ಅಪರೂಪ. ವಾರಕ್ಕೆ ಐದು ದಿನದಂತೆ ನಾಲ್ಕಾರು ವಾರ ಯಂತ್ರವಿರುವ ಊರಿಗೆ ಹೋಗಿಬರಬೇಕಾಗುತ್ತದೆ. ಔಷಧ ಯಾವುದು ಎಂಬುದರಷ್ಟೇ ಎಷ್ಟು ಸಲ ಓಡಾಡಬೇಕು ಎಂಬುದೂ ಇಳಿವಯಸ್ಸಿನವರ ಚಿಕಿತ್ಸೆಯ ಫಲವನ್ನು ನಿರ್ಧರಿಸುತ್ತದೆ.

ಯಾವ ಬಗೆಯ ಕ್ಯಾನ್ಸರ್?

ಚರ್ಮದ ಕ್ಯಾನ್ಸರ್‌ನಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಬೇಸಲ್ ಸೆಲ್ ಕಾರ್ಸಿನೋಮ ಬಹುತೇಕ ಮುಖದ ಮೇಲೆ, ಅದರಲ್ಲೂ ಮೂಗು, ಕಣ್ಣಿನ ರೆಪ್ಪೆ, ಕೆನ್ನೆ ಮತ್ತು ಕಿವಿಯ ಸುತ್ತ ಕಾಣಿಸಿಕೊಳ್ಳುತ್ತದೆ. ಬಹಳ ನಿಧಾನವಾಗಿ ಬೆಳೆಯುತ್ತದೆ, ದೇಹದ ಬೇರೆ ಭಾಗಕ್ಕೆ ಹರಡುವುದು ತೀರಾ ಅಪರೂಪ. ಆದರೆ ಸುಮ್ಮನೆ ಬಿಟ್ಟರೆ ಮೂಗಿನ ಮೃದ್ವಸ್ಥಿ ಮತ್ತು ಕಣ್ಣಿನ ಗುಳಿಯವರೆಗೂ ಕೊರೆಯುತ್ತ ಹೋಗುತ್ತದೆ. ಬಿಳಿಯ ಜನರಲ್ಲಿ ಇದು ಮುತ್ತಿನಂತೆ ಹೊಳೆಯುವ ಗುಲಾಬಿ ಗಂಟಾಗಿ ಕಂಡರೆ ನಮ್ಮವರಲ್ಲಿ ಹೆಚ್ಚಾಗಿ ಕಪ್ಪಾಗಿರುತ್ತದೆ. ಮಚ್ಚೆಯೆಂದು ಭ್ರಮಿಸಲು ಇದೇ ಕಾರಣ.

ಎರಡನೆಯದು ಸ್ಕ್ವಾಮಸ್ ಸೆಲ್ ಕಾರ್ಸಿನೋಮ. ಇದು ಬಿಸಿಲಿಗೆ ಒಡ್ಡಿಕೊಂಡ ಚರ್ಮದಲ್ಲಿ, ಕೆಳತುಟಿಯಲ್ಲಿ, ಹಾಗೆಯೇ ಹಳೆಯ ಸುಟ್ಟ ಗಾಯದ ಕಲೆಯಲ್ಲಿಯೂ ಹುಟ್ಟಬಹುದು. ಸುಟ್ಟ ಕಲೆಯಲ್ಲಿ ಹುಟ್ಟುವ ಇಂಥ ಹುಣ್ಣಿಗೆ ಮಾರ್ಜೊಲಿನ್ ಹುಣ್ಣು ಎಂಬ ಹೆಸರಿದೆ. ಗಾಯವಾಗಿ ಇಪ್ಪತ್ತು ಮೂವತ್ತು ವರ್ಷಗಳಾದ ಬಳಿಕ ಅದು ಕಾಣಿಸಿಕೊಳ್ಳುವುದುಂಟು. ಆಲೆಮನೆಗಳ ಸೀಮೆಯಲ್ಲಿ ಈ ಮಾತನ್ನು ವಿಶೇಷವಾಗಿ ಹೇಳಬೇಕಾಗುತ್ತದೆ. ಯೌವನದಲ್ಲಿ ಕುದಿಯುವ ಕಬ್ಬಿನ ಹಾಲು ಸಿಡಿದೋ ಒಲೆಯ ಬೆಂಕಿ ತಾಗಿಯೋ ಆದ ಕಲೆ ಮುಪ್ಪಿನಲ್ಲಿ ಬಿರಿದು ಹುಣ್ಣಾಗಿ ತಿಂಗಳೊಪ್ಪತ್ತಾದರೂ ಮಾಯದಿದ್ದರೆ ಅದು ಬರಿಯ ಗಾಯವೆಂದು ಭಾವಿಸಬಾರದು. ಈ ಬಗೆಯ ಕ್ಯಾನ್ಸರ್ ಕುತ್ತಿಗೆ, ಕಂಕುಳು ಅಥವಾ ತೊಡೆಸಂದಿನ ಹಾಲುರಸ ಗ್ರಂಥಿಗಳಿಗೆ ಹರಡಬಲ್ಲದಾದ್ದರಿಂದ ವೈದ್ಯರು ಆ ಜಾಗಗಳನ್ನೂ ಮುಟ್ಟಿ ಪರೀಕ್ಷಿಸುತ್ತಾರೆ.

ಮೂರನೆಯದು ಮೆಲನೋಮ. ಭಾರತೀಯರಲ್ಲಿ ಇದು ಕಡಿಮೆ. ಬಂದಾಗ ಹೆಚ್ಚಾಗಿ ಅಂಗಾಲು, ಅಂಗೈ ಅಥವಾ ಉಗುರಿನ ಅಡಿಯಲ್ಲಿ ಬರುತ್ತದೆ. ಬರಿಗಾಲಲ್ಲಿ ಗದ್ದೆಗಿಳಿಯುವವರು ಅಂಗಾಲಿನ ಕಪ್ಪು ಕಲೆಯನ್ನು ಮುಳ್ಳು ಚುಚ್ಚಿದ ಗುರುತೆಂದು ತಿಳಿಯುವುದುಂಟು. ಮೆಲನೋಮಕ್ಕೆ ಶಸ್ತ್ರಚಿಕಿತ್ಸೆಯೇ ಮೊದಲ ಮಾರ್ಗ, ವಿಕಿರಣಕ್ಕೆ ಅಲ್ಲಿ ಪೂರಕ ಪಾತ್ರ ಮಾತ್ರ. ಆದ್ದರಿಂದ ಈ ಲೇಖನದ ಮುಂದಿನ ಭಾಗ ಮೊದಲಿನ ಎರಡು ಬಗೆಗಳಿಗೆ ಸಂಬಂಧಿಸಿದ್ದು.

ಯಾವುದೇ ಚಿಕಿತ್ಸೆಗೆ ಮುನ್ನ ಹುಣ್ಣಿನ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಬಯಾಪ್ಸಿ ಪರೀಕ್ಷೆ ಆಗಲೇಬೇಕು. 'ಚುಚ್ಚಿದರೆ ಹರಡುತ್ತದೆ' ಎಂಬ ಭಯ ಹಳ್ಳಿಗಳಲ್ಲಷ್ಟೇ ಅಲ್ಲ, ಓದಿದವರಲ್ಲೂ ಇದೆ. ಚರ್ಮದ ಈ ಕ್ಯಾನ್ಸರ್‌ಗಳ ವಿಷಯದಲ್ಲಿ ಅದಕ್ಕೆ ಆಧಾರವಿಲ್ಲ. ಬಯಾಪ್ಸಿಯ ವರದಿಯಿಲ್ಲದೆ ವಿಕಿರಣ ಕೊಡುವುದೇ ತಪ್ಪು.

ಚರ್ಮದಿಂದಲೇ ಆರಂಭವಾದ ಚಿಕಿತ್ಸೆ

ರಾಂಟ್‌ಜನ್ ಕ್ಷಕಿರಣಗಳನ್ನು ಕಂಡುಹಿಡಿದದ್ದು 1895ರಲ್ಲಿ. ಅದಾದ ನಾಲ್ಕೇ ವರ್ಷಕ್ಕೆ, 1899ರಲ್ಲಿ, ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಥಾರ್ ಸ್ಟೆನ್‌ಬೆಕ್ ಎಂಬ ವೈದ್ಯ ಮಹಿಳೆಯೊಬ್ಬರ ಮೂಗಿನ ಮೇಲಿದ್ದ ಚರ್ಮದ ಕ್ಯಾನ್ಸರ್‌ಗೆ ಆ ಕಿರಣಗಳನ್ನು ಹಾಯಿಸಿ ಗುಣಪಡಿಸಿದರು. ವಿಕಿರಣದಿಂದ ಕ್ಯಾನ್ಸರ್ ಗುಣವಾದ ಮೊದಲ ನಿದರ್ಶನಗಳಲ್ಲಿ ಇದನ್ನು ಎಣಿಸುತ್ತಾರೆ. ಚರ್ಮ ಕಣ್ಣಿಗೆ ಕಾಣುವ ಅಂಗವಾದ್ದರಿಂದ ಕಿರಣವನ್ನು ಗುರಿಯಿಡುವುದೂ ಫಲಿತಾಂಶವನ್ನು ನೋಡುವುದೂ ಸುಲಭವಾಗಿತ್ತು.

ಕಿರಣಗಳು ಜೀವಕೋಶದ ಒಳಗಿನ ಡಿಎನ್‌ಎಗೆ ಹಾನಿ ಮಾಡುತ್ತವೆ. ಆರೋಗ್ಯವಂತ ಕೋಶಗಳು ಈ ಹಾನಿಯನ್ನು ಬಹುಮಟ್ಟಿಗೆ ದುರಸ್ತಿ ಮಾಡಿಕೊಳ್ಳುತ್ತವೆ. ಕ್ಯಾನ್ಸರ್ ಕೋಶಗಳಿಗೆ ಆ ಶಕ್ತಿ ಕಡಿಮೆ. ಒಟ್ಟು ಪ್ರಮಾಣವನ್ನು ಹಲವು ಕಂತುಗಳಲ್ಲಿ ಕೊಡುವುದರ ಮರ್ಮ ಇದೇ. ಕಂತಿನಿಂದ ಕಂತಿಗೆ ಸಿಗುವ ಬಿಡುವಿನಲ್ಲಿ ಒಳ್ಳೆಯ ಚರ್ಮ ಚೇತರಿಸಿಕೊಳ್ಳುತ್ತದೆ.

ಶಸ್ತ್ರಚಿಕಿತ್ಸೆಯೋ, ವಿಕಿರಣವೋ?

ಇಲ್ಲಿ ಸ್ಪಷ್ಟವಾಗಿ ಹೇಳಬೇಕಾದ ಮಾತೊಂದಿದೆ. ಕತ್ತರಿಸಿ ತೆಗೆಯಲು ಸಾಧ್ಯವಿರುವಲ್ಲಿ ಶಸ್ತ್ರಚಿಕಿತ್ಸೆಯೇ ಮೇಲು. ಫ್ರಾನ್ಸಿನಲ್ಲಿ ಮುಖದ ಬೇಸಲ್ ಸೆಲ್ ಕಾರ್ಸಿನೋಮ ಇದ್ದ 347 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಗಂಟುಗಳೆಲ್ಲ 4 ಸೆಂಟಿಮೀಟರಿಗಿಂತ ಚಿಕ್ಕವು. ನಾಲ್ಕು ವರ್ಷಗಳ ನಂತರ ನೋಡಿದಾಗ ರೋಗ ಉಳಿದ ಅಥವಾ ಮರುಕಳಿಸಿದ ಪ್ರಮಾಣ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 0.7, ವಿಕಿರಣದ ಗುಂಪಿನಲ್ಲಿ ಶೇ. 7.5 ಇತ್ತು. ಮುಖದ ಅಂದದ ದೃಷ್ಟಿಯಿಂದಲೂ ಶಸ್ತ್ರಚಿಕಿತ್ಸೆಯೇ ಮುಂದಿತ್ತು. ಇದನ್ನು ಇನ್ನೊಂದು ಬದಿಯಿಂದ ಓದಿದರೆ, ವಿಕಿರಣ ಪಡೆದ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ರೋಗ ಹತೋಟಿಗೆ ಬಂದಿತ್ತು. ಎರಡನೆಯ ಆಯ್ಕೆಯೆಂದರೆ ಕೈಲಾಗದ ಆಯ್ಕೆ ಎಂದಲ್ಲ.

'ವಯಸ್ಸಾಯಿತಲ್ಲ, ಆಪರೇಷನ್ ತಡೆಯೋದಿಲ್ಲ' ಎಂಬ ಮಾತನ್ನು ಮನೆಯವರು ಬಹುಬೇಗ ಹೇಳಿಬಿಡುತ್ತಾರೆ. ಚಿಕ್ಕ ಗಂಟನ್ನು ಆ ಜಾಗಕ್ಕಷ್ಟೇ ಮರಗಟ್ಟುವ ಚುಚ್ಚುಮದ್ದು ಕೊಟ್ಟು ಅರ್ಧ ಮುಕ್ಕಾಲು ಗಂಟೆಯಲ್ಲಿ ತೆಗೆಯಬಹುದು. ಎಂಬತ್ತು ವರ್ಷದವರೂ ಅದನ್ನು ತಾಳಿಕೊಳ್ಳಬಲ್ಲರು. ಒಂದೇ ಸಲದ ಪ್ರಯಾಣದಲ್ಲಿ ಮುಗಿಯುವ ಕೆಲಸವದು. ವಯಸ್ಸೊಂದನ್ನೇ ನೆಪ ಮಾಡಿ ಅದನ್ನು ತಪ್ಪಿಸಿ, ಇಪ್ಪತ್ತು ದಿನದ ವಿಕಿರಣಕ್ಕೆ ಓಡಾಡಿಸುವುದು ಹಿರಿಯರಿಗೆ ಮಾಡುವ ಉಪಕಾರವಲ್ಲ.

ಹಾಗಾದರೆ ವಿಕಿರಣ ಯಾರಿಗೆ? ಕಣ್ಣಿನ ರೆಪ್ಪೆಯ ಮೂಲೆ, ಮೂಗಿನ ತುದಿ, ತುಟಿ, ಕಿವಿ ಮುಂತಾದ ಕಡೆ ಕತ್ತರಿಸಿದರೆ ಅಂಗದ ರೂಪವೋ ಕೆಲಸವೋ ಕೆಡುವಂತಿರುವವರಿಗೆ. ಚರ್ಮದ ಕಸಿ ಅಗತ್ಯವಾಗುವಷ್ಟು ಗಂಟು ದೊಡ್ಡದಾಗಿದ್ದು, ಹೃದಯ ಅಥವಾ ಶ್ವಾಸಕೋಶದ ಕಾಯಿಲೆಯಿಂದ ಪೂರ್ಣ ಅರಿವಳಿಕೆ ಅಪಾಯಕರವಾಗಿರುವವರಿಗೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರಿಗೆ ವಿಕಿರಣದಲ್ಲಿ ಒಂದು ಅನುಕೂಲವಿದೆ: ಆ ಮಾತ್ರೆಗಳನ್ನು ನಿಲ್ಲಿಸಬೇಕಾಗಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಅಂಚಿನಲ್ಲಿ ರೋಗ ಉಳಿದಿದೆಯೆಂದು ವರದಿ ಬಂದಾಗ, ನರದ ಗುಂಟ ಹಬ್ಬಿದಾಗ, ಗ್ರಂಥಿಗಳಿಗೆ ಹರಡಿದಾಗ ಪೂರಕವಾಗಿಯೂ ವಿಕಿರಣ ಕೊಡುತ್ತಾರೆ. ಗುಣಪಡಿಸಲಾಗದಷ್ಟು ಬೆಳೆದು ದುರ್ವಾಸನೆ ಬೀರುವ, ರಕ್ತ ಸುರಿಯುವ ಹುಣ್ಣಿಗೆ ಒಂದೆರಡು ಕಂತು ಕೊಟ್ಟು ರಕ್ತ ಮತ್ತು ನೋವನ್ನು ತಗ್ಗಿಸುವುದೂ ಉಂಟು. ಅದೂ ಸಣ್ಣ ಉಪಕಾರವೇನಲ್ಲ. ಅಂಥ ಹುಣ್ಣಿನ ರೋಗಿಯನ್ನು ಮನೆಯಲ್ಲಿ ನೋಡಿಕೊಂಡವರಿಗೆ ಅದರ ಬೆಲೆ ಗೊತ್ತು.

ಅರವತ್ತು ದಾಟಿದವರಿಗೆ ವಿಕಿರಣವನ್ನು ಹೆಚ್ಚು ಧಾರಾಳವಾಗಿ ಸೂಚಿಸಲು ಇನ್ನೊಂದು ಕಾರಣವಿದೆ. ಕಿರಣ ತಾಗಿದ ಚರ್ಮ ಹತ್ತು ಹದಿನೈದು ವರ್ಷಗಳಲ್ಲಿ ತೆಳುವಾಗಿ, ಬಣ್ಣಗೆಟ್ಟು, ಸಣ್ಣ ರಕ್ತನಾಳಗಳು ಜೇಡರ ಬಲೆಯಂತೆ ಮೂಡುತ್ತವೆ. ಅದೇ ಜಾಗದಲ್ಲಿ ಹೊಸ ಕ್ಯಾನ್ಸರ್ ಹುಟ್ಟುವ ಸಂಭವವೂ ಸ್ವಲ್ಪ ಇರುತ್ತದೆ. ಮೂವತ್ತರ ವಯಸ್ಸಿನವರಿಗೆ ಇದು ಚಿಂತೆಯ ವಿಷಯ. ಎಪ್ಪತ್ತೆಂಟರವರಿಗೆ ಅಷ್ಟಲ್ಲ.

ಕೊಡಬಾರದ ಸಂದರ್ಭಗಳೂ ಇವೆ. ಅದೇ ಜಾಗಕ್ಕೆ ಹಿಂದೆ ವಿಕಿರಣ ಕೊಟ್ಟಿದ್ದರೆ ಸಾಮಾನ್ಯವಾಗಿ ಮತ್ತೆ ಕೊಡುವುದಿಲ್ಲ. ಬಿಸಿಲು ತಾಗಿದರೆ ಚರ್ಮ ಕೆಡುವ ಜೀರೋಡರ್ಮ ಪಿಗ್ಮೆಂಟೋಸಮ್ ಎಂಬ ಆನುವಂಶಿಕ ರೋಗವಿರುವವರಿಗೂ, ಚಿಕ್ಕಂದಿನಿಂದ ಹಲವು ಬೇಸಲ್ ಸೆಲ್ ಗಂಟುಗಳೇಳುವ ಗಾರ್ಲಿನ್ ಸಿಂಡ್ರೋಮ್ ಇರುವವರಿಗೂ ವಿಕಿರಣ ಹಾನಿಕರ. ಮೊಣಕಾಲಿನ ಕೆಳಗೆ ರಕ್ತಸಂಚಾರ ಕಡಿಮೆಯಿರುವ, ಅದರಲ್ಲೂ ಸಕ್ಕರೆ ಕಾಯಿಲೆಯ ವೃದ್ಧರಲ್ಲಿ ವಿಕಿರಣದ ಗಾಯ ಮಾಯುವುದು ಕಷ್ಟ. ಮಾರ್ಜೊಲಿನ್ ಹುಣ್ಣಿಗೂ ವಿಕಿರಣ ಮೊದಲ ಆಯ್ಕೆಯಲ್ಲ, ಸುಟ್ಟ ಕಲೆಯ ಚರ್ಮ ಮೊದಲೇ ಬಡವಾಗಿರುತ್ತದೆ.

ಯಂತ್ರ ಇದ್ದರಷ್ಟೇ ಸಾಲದು

ಚರ್ಮದ ಕ್ಯಾನ್ಸರ್ ಮೇಲ್ಪದರದ ರೋಗ. ಕಿರಣವೂ ಮೇಲಷ್ಟೇ ಕೆಲಸ ಮಾಡಿ ನಿಲ್ಲಬೇಕು. ಕೋಬಾಲ್ಟ್ ಯಂತ್ರದ ಗಾಮಾ ಕಿರಣ ಆಳಕ್ಕೆ ಇಳಿಯುತ್ತದೆ. ಮೂಗಿನ ಮೇಲಿನ ಗಂಟಿಗೆ ಅದನ್ನು ಹಾಯಿಸಿದರೆ ಹಿಂದಿರುವ ಅಂಗಗಳಿಗೂ ತಾಗುತ್ತದೆ. ಆದ್ದರಿಂದ ಲೀನಿಯರ್ ಆಕ್ಸಲರೇಟರ್ ಎಂಬ ಯಂತ್ರದಿಂದ ಹೊರಡುವ ಎಲೆಕ್ಟ್ರಾನ್ ಕಿರಣವನ್ನು ಬಳಸುವುದು ಈಗಿನ ರೂಢಿ. ಇದು ಒಂದೆರಡು ಸೆಂಟಿಮೀಟರಿನಲ್ಲಿ ಶಕ್ತಿ ಕಳೆದುಕೊಳ್ಳುವಂತೆ ಹೊಂದಿಸಬಹುದು. ಆದರೆ ಎಲ್ಲ ಲೀನಿಯರ್ ಆಕ್ಸಲರೇಟರ್‌ಗಳಲ್ಲೂ ಎಲೆಕ್ಟ್ರಾನ್ ಸೌಲಭ್ಯ ಇರುವುದಿಲ್ಲ. ರೋಗಿಯನ್ನು ಕರೆದೊಯ್ಯುವ ಮುನ್ನ ಆಸ್ಪತ್ರೆಗೆ ದೂರವಾಣಿ ಮಾಡಿ 'ಚರ್ಮಕ್ಕೆ ಎಲೆಕ್ಟ್ರಾನ್ ಚಿಕಿತ್ಸೆ ಕೊಡುತ್ತೀರಾ?' ಎಂದು ಕೇಳಿಕೊಂಡರೆ ಒಂದು ದಂಡದ ಪ್ರಯಾಣ ತಪ್ಪುತ್ತದೆ.

ಇನ್ನೊಂದು ವಿಧಾನ ಬ್ರಾಕಿಥೆರಪಿ. ಇರಿಡಿಯಂ ಎಂಬ ವಿಕಿರಣಶೀಲ ಧಾತುವಿನ ಪುಟ್ಟ ಆಕರವನ್ನು ಮುಖದ ಅಚ್ಚಿಗೆ ಹೊಂದುವ ಮೇಣದಂಥ ಪಟ್ಟಿಯ ಕೊಳವೆಗಳೊಳಗೆ ಕೆಲವು ನಿಮಿಷ ಹರಿಸಿ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಮೂಗು, ತಲೆಯಂಥ ಉಬ್ಬುತಗ್ಗಿನ ಜಾಗಗಳಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಗರ್ಭಕೊರಳಿನ ಕ್ಯಾನ್ಸರ್‌ಗಾಗಿ ಅನೇಕ ಆಸ್ಪತ್ರೆಗಳಲ್ಲಿ ಈ ಯಂತ್ರ ಇದ್ದೇ ಇರುತ್ತದೆ.

ಮೊದಲ ದಿನ ಚಿಕಿತ್ಸೆ ಇರುವುದಿಲ್ಲ. ಗಂಟಿನ ಸುತ್ತ ಗುರುತು ಹಾಕಿ, ತಲೆ ಅಲುಗದಂತೆ ಮುಖಕ್ಕೆ ಪ್ಲಾಸ್ಟಿಕ್ ಜಾಲರಿಯ ಮುಖವಾಡ ತಯಾರಿಸಿ, ಸುತ್ತಲಿನ ಚರ್ಮ ಮರೆಮಾಡಲು ಸೀಸದ ತಗಡನ್ನು ಕತ್ತರಿಸಿಡುತ್ತಾರೆ. ರೆಪ್ಪೆಯ ಚಿಕಿತ್ಸೆಯಾದರೆ ಕಣ್ಣಿನ ಗುಡ್ಡೆಯನ್ನು ಕಾಯಲು ಒಳಗೊಂದು ಕವಚವನ್ನೂ ಇಡುತ್ತಾರೆ. ಆಮೇಲಿನ ದಿನಗಳಲ್ಲಿ ಮೇಜಿನ ಮೇಲೆ ಹತ್ತು ಹದಿನೈದು ನಿಮಿಷ, ಅದರಲ್ಲಿ ಕಿರಣ ಹಾಯುವುದು ಎರಡು ಮೂರು ನಿಮಿಷ. ನೋವಿಲ್ಲ, ಬಿಸಿಯೂ ತಿಳಿಯುವುದಿಲ್ಲ. 'ಕರೆಂಟು' ಎಂಬ ಹೆಸರು ಕೇಳಿ ಶಾಕ್ ಹೊಡೆಯುತ್ತದೆಂದು ಹೆದರುವ ಅಜ್ಜಿಯರಿಗೆ ಇದನ್ನು ಮುಂಚೆಯೇ ಹೇಳಿಡುವುದು ಒಳ್ಳೆಯದು. ಮನೆಗೆ ಮರಳಿದ ಮೇಲೆ ದೇಹದಲ್ಲಿ ಕಿರಣ ಉಳಿದಿರುವುದಿಲ್ಲ, ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು. ಪೇಸ್‌ಮೇಕರ್ ಅಳವಡಿಸಿಕೊಂಡವರು ಅದನ್ನು ಮೊದಲ ದಿನವೇ ತಿಳಿಸಬೇಕು.

ಎಷ್ಟು ಕಂತು? ಇಲ್ಲೇ ಇದೆ ಲೆಕ್ಕ

ವಿಕಿರಣವನ್ನು ಅಳೆಯುವ ಮಾನಕ್ಕೆ ಗ್ರೇ ಎಂದು ಹೆಸರು. ಸಾಂಪ್ರದಾಯಿಕ ಕ್ರಮದಲ್ಲಿ ದಿನಕ್ಕೆ 2 ಗ್ರೇಯಂತೆ 30 ಕಂತು, ಆರು ವಾರ. ನಾಲ್ಕು ವಾರಗಳಲ್ಲಿ 20 ಕಂತಿಗೆ 50ರಿಂದ 55 ಗ್ರೇ ಕೊಡುವುದು ಇನ್ನೊಂದು ಕ್ರಮ. ಎರಡು ವಾರಗಳಲ್ಲಿ 10 ಕಂತಿಗೆ 45 ಗ್ರೇ, ಒಂದೇ ವಾರದಲ್ಲಿ 5 ಕಂತಿಗೆ 35 ಗ್ರೇ ಕೊಡುವ ಕ್ರಮಗಳು ಬ್ರಿಟನ್ನಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ತೀರಾ ನಿಶ್ಶಕ್ತರಿಗೆ ವಾರಕ್ಕೊಂದೇ ಕಂತಿನಂತೆ ಐದಾರು ವಾರ ಕೊಡುವುದೂ ಇದೆ. ಕಂತು ದೊಡ್ಡದಾದಷ್ಟೂ ಸಂಖ್ಯೆ ಕಡಿಮೆ. ಆದರೆ ಮುಂದೆ ಚರ್ಮದ ಮೇಲೆ ಉಳಿಯುವ ಕಲೆ ಹೆಚ್ಚು. ಗಂಟು ಅಗಲವಾಗಿದ್ದರೆ ಅಥವಾ ಮೃದ್ವಸ್ಥಿಯ ಮೇಲಿದ್ದರೆ ದೊಡ್ಡ ಕಂತುಗಳನ್ನು ವೈದ್ಯರು ಒಪ್ಪುವುದಿಲ್ಲ, ಒಪ್ಪಲೂಬಾರದು.

ಇದನ್ನು ನಾಲ್ಕು ತಾಲ್ಲೂಕುಗಳ ನಕ್ಷೆಯ ಮೇಲಿಟ್ಟು ನೋಡೋಣ. ಶ್ರೀರಂಗಪಟ್ಟಣದಿಂದ ಮೈಸೂರು ಸುಮಾರು 15 ಕಿ.ಮೀ., ಪಾಂಡವಪುರದಿಂದ ಸುಮಾರು 25. ಅಲ್ಲಿನವರಿಗೆ 20 ಕಂತೆಂದರೂ ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಮನೆ ಸೇರುವ ಮಾತು. ಕೆ.ಆರ್. ಪೇಟೆಯಿಂದ ಮೈಸೂರಿಗೆ 50 ಕಿ.ಮೀ.ಗೂ ಹೆಚ್ಚು. 20 ಸಲ ಹೋಗಿಬಂದರೆ 2000 ಕಿ.ಮೀ. ದಾಟುತ್ತದೆ, 30 ಸಲವಾದರೆ 3000. ಅದೇ 5 ಕಂತಿಗೆ 500ರ ಆಚೀಚೆ. ನಾಗಮಂಗಲದವರಿಗೆ ಮೈಸೂರು 60 ಕಿ.ಮೀ.ಗೂ ದೂರ, ಬೆಂಗಳೂರು ಅದರ ಸುಮಾರು ಇಮ್ಮಡಿ. ಇವೆಲ್ಲ ತಾಲ್ಲೂಕು ಕೇಂದ್ರದಿಂದ ಲೆಕ್ಕ. ಹಳ್ಳಿಯಿಂದ ಬಸ್ಸಿನವರೆಗಿನ ದಾರಿ ಬೇರೆ. ಜೊತೆಗೆ ಬರುವವರ ದಿನಗೂಲಿ, ಕಟ್ಟಿಹಾಕಿ ಬಂದ ಹಸುವಿನ ಹಾಲು ಕರೆಯುವ ಹೊತ್ತು, ಇವೂ ಲೆಕ್ಕಕ್ಕೆ ಸೇರುತ್ತವೆ.

ಅರ್ಧದಲ್ಲಿ ಬಿಟ್ಟ ಚಿಕಿತ್ಸೆ ಬಹಳ ಕೆಟ್ಟದ್ದು. ಹನ್ನೆರಡನೆಯ ಕಂತಿನ ಹೊತ್ತಿಗೆ ಗಂಟು ಕುಗ್ಗಿದಂತೆ ಕಂಡು 'ಇನ್ನು ಸಾಕು' ಎಂದು ನಿಲ್ಲಿಸಿದರೆ ಉಳಿದ ಕೋಶಗಳು ಮತ್ತೆ ಬೆಳೆಯುತ್ತವೆ. ಆಗ ಅದೇ ಜಾಗಕ್ಕೆ ಮರಳಿ ವಿಕಿರಣ ಕೊಡುವಂತೆಯೂ ಇಲ್ಲ. ಆದುದರಿಂದ ಮುಗಿಸಲಾಗದ 30 ಕಂತಿಗಿಂತ ಮುಗಿಸಬಲ್ಲ 10 ಕಂತು ಲೇಸು. ವೈದ್ಯರು ಇದನ್ನು ತಾವಾಗಿ ಕೇಳದಿರಬಹುದು. 'ನಾವು ಇಂಥ ಊರಿನಿಂದ ಬರುತ್ತೇವೆ, ದಿನಾ ಬರುವುದು ಕಷ್ಟ, ಕಡಿಮೆ ಕಂತಿನಲ್ಲಿ ಮುಗಿಸಲು ಸಾಧ್ಯವೇ?' ಎಂದು ಮನೆಯವರೇ ಬಾಯಿಬಿಟ್ಟು ಕೇಳಬೇಕು. ಇದು ಸಂಕೋಚಪಡುವ ವಿಷಯವಲ್ಲ.

ಎಲ್ಲಿ ಹೋಗಬೇಕು?

ಮೊದಲ ಪರೀಕ್ಷೆ ಮತ್ತು ಬಯಾಪ್ಸಿಗೆ ದೂರ ಹೋಗಬೇಕಾಗಿಲ್ಲ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನಲ್ಲಿ 1986ರಲ್ಲಿ ಆರಂಭವಾದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾದ ಮಿಮ್ಸ್ ಇದೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ 1973ರಲ್ಲಿ ಸ್ಥಾಪನೆಯಾದದ್ದು. ರಾಜಧಾನಿಯ ಹೊರಗಿನ ರೋಗಿಗಳಿಗಾಗಿ ಅದು ಹೊರಕೇಂದ್ರಗಳನ್ನು ತೆರೆದ ಊರುಗಳಲ್ಲಿ ಮಂಡ್ಯವೂ ಒಂದು. ಕೇಂದ್ರ ಸರ್ಕಾರದ ಕಾರ್ಯಕ್ರಮದಡಿ ಮಿಮ್ಸ್‌ಗೆ ಕ್ಯಾನ್ಸರ್ ಚಿಕಿತ್ಸಾ ಕೇಂದ್ರವೂ ಮಂಜೂರಾಯಿತು. ಜಿಲ್ಲಾ ಕೇಂದ್ರದಲ್ಲೇ ಎಲೆಕ್ಟ್ರಾನ್ ಚಿಕಿತ್ಸೆ ನಿರಂತರವಾಗಿ ಸಿಗುವಂತಾದರೆ ನಾಗಮಂಗಲದ ವೃದ್ಧರ ಓಡಾಟ ಮೂರರಲ್ಲೊಂದು ಭಾಗ ತಗ್ಗುತ್ತದೆ. ಈ ಸೀಮೆಯ ಜನಪ್ರತಿನಿಧಿಗಳ ಬಳಿ ಕೇಳಲು ತಕ್ಕ ಬೇಡಿಕೆ ಇದು. ಖಾಸಗಿ ವಲಯದಲ್ಲಿ ಮೈಸೂರಿನ ಭಾರತ್ ಆಸ್ಪತ್ರೆ ಕ್ಯಾನ್ಸರ್ ಚಿಕಿತ್ಸೆಗೆ ಹೆಸರಾದುದು.

ಬೆಂಗಳೂರಿನಲ್ಲಿ ನೆಲೆಸಿರುವ ಮಕ್ಕಳು ತಂದೆತಾಯಿಯರನ್ನು ತಮ್ಮಲ್ಲಿಗೇ ಕರೆಸಿಕೊಳ್ಳಲು ಬಯಸುತ್ತಾರೆ. ಸರಿಯೇ. ಆದರೆ ನಗರದೊಳಗೆ ದಿನಾ ಎರಡು ಗಂಟೆ ವಾಹನದಲ್ಲಿ ಕೂರಿಸುವುದಾದರೆ ಪಾಂಡವಪುರದಿಂದ ಮೈಸೂರಿಗೆ ಹೋಗಿಬರುವುದೇ ಹಗುರ.

ಖರ್ಚಿನ ವಿಷಯಕ್ಕೆ ಬಂದರೆ, 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ಅದನ್ನು ಮೊದಲೇ ಪಡೆದುಕೊಳ್ಳದೆ ಹೋದವರು ಮತ್ತೆ ಊರಿಗೆ ಬಂದು ಅಲೆಯುತ್ತಾರೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಯ ಒಬ್ಬರಿಗೂ ರೈಲ್ವೆಯಲ್ಲಿ ರಿಯಾಯಿತಿಯಿದ್ದು, ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಶ್ರೀರಂಗಪಟ್ಟಣ ಮತ್ತು ಪಾಂಡವಪುರ ಮೈಸೂರು–ಬೆಂಗಳೂರು ಮಾರ್ಗದಲ್ಲಿವೆ. ಕೆ.ಆರ್. ಪೇಟೆ ತಾಲ್ಲೂಕಿನವರಿಗೆ ಮೈಸೂರು–ಅರಸೀಕೆರೆ ಮಾರ್ಗದ ಅಕ್ಕಿಹೆಬ್ಬಾಳು, ಮಂದಗೆರೆ ನಿಲ್ದಾಣಗಳಿವೆ.

ಚಿಕಿತ್ಸೆಯ ದಿನಗಳಲ್ಲಿ

ಎರಡನೆಯ ವಾರದಿಂದ ಚರ್ಮ ಕೆಂಪಾಗಿ ಅಥವಾ ಕಪ್ಪಾಗಿ, ತುರಿಸಿ, ಸುಲಿಯತೊಡಗುತ್ತದೆ. ಕೊನೆಯ ಹೊತ್ತಿಗೆ ಗಂಟಿದ್ದ ಜಾಗ ಹಸಿ ಹುಣ್ಣಿನಂತೆ ಕಾಣುವುದು ಸಹಜ. ಚಿಕಿತ್ಸೆ ಮುಗಿದ ಮೇಲೂ ಒಂದೆರಡು ವಾರ ಹೆಚ್ಚುತ್ತದೆ, ನಾಲ್ಕರಿಂದ ಆರು ವಾರಗಳಲ್ಲಿ ಮಾಯುತ್ತದೆ. 'ಕರೆಂಟು ಕೊಟ್ಟು ಹುಣ್ಣು ಹೆಚ್ಚಾಯಿತು' ಎಂದು ನಡುವೆ ಬಿಟ್ಟುಬಿಡುವವರು ಇದನ್ನು ತಿಳಿದಿರಬೇಕು. ಆ ಜಾಗದ ಗಡ್ಡ ಅಥವಾ ಹುಬ್ಬಿನ ಕೂದಲು ಉದುರಿ ಮತ್ತೆ ಬಾರದೆ ಹೋಗಬಹುದು. ತಲೆಯ ಮೇಲಿನ ಕೂದಲು ಕಿಮೊಥೆರಪಿಯಲ್ಲಿ ಆಗುವಂತೆ ಪೂರ್ತಿ ಉದುರುವುದಿಲ್ಲ.

ನೀರಿನಿಂದ ಮೃದುವಾಗಿ ತೊಳೆದು ಒತ್ತಿ ಒರೆಸಬೇಕು. ಅರಿಶಿನ, ಸುಣ್ಣ, ಹರಳೆಣ್ಣೆ, ಸೊಪ್ಪಿನ ರಸ, ಪೌಡರು ಯಾವುದೂ ಬೇಡ, ವೈದ್ಯರು ಹೇಳಿದ ಮುಲಾಮು ಮಾತ್ರ. ಹೊಪ್ಪಳೆ ಕೀಳಬಾರದು. ಹೊಲಕ್ಕೆ ಹೋಗುವಾಗ ತಲೆಗೆ ಟವೆಲ್ಲು ಸುತ್ತಿ ಕೆನ್ನೆ ಕಿವಿ ಮುಚ್ಚಿಕೊಳ್ಳುವುದು ಒಳ್ಳೆಯದು. ಮೂಗಿನ ಚಿಕಿತ್ಸೆಯಲ್ಲಿ ಒಳಗೆ ಹಕ್ಕಳೆ ಕಟ್ಟುವುದು, ರೆಪ್ಪೆಯದರಲ್ಲಿ ಕಣ್ಣೀರು ಸೋರುವುದು, ತುಟಿಯದರಲ್ಲಿ ಖಾರ ಮುಟ್ಟಲಾಗದಿರುವುದು ಸಾಮಾನ್ಯ. ಜ್ವರ ಬಂದರೆ, ಕೀವಾದರೆ, ದೃಷ್ಟಿ ಮಂಜಾದರೆ ಕಾಯದೆ ಆಸ್ಪತ್ರೆಗೆ ತಿಳಿಸಬೇಕು.

ಮುಗಿದ ಬಳಿಕ ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ತೋರಿಸಿಕೊಳ್ಳಬೇಕು. ರೋಗ ಮರುಕಳಿಸುವುದು ಹೆಚ್ಚಾಗಿ ಆ ಅವಧಿಯಲ್ಲೇ. ಒಮ್ಮೆ ಚರ್ಮದ ಕ್ಯಾನ್ಸರ್ ಆದವರಿಗೆ ಬೇರೆ ಜಾಗದಲ್ಲಿ ಹೊಸದೊಂದು ಏಳುವ ಸಂಭವವೂ ಹೆಚ್ಚು. ಆದ್ದರಿಂದ ಆ ಭೇಟಿಗಳಲ್ಲಿ ಹಳೆಯ ಗಾಯವನ್ನಷ್ಟೇ ತೋರಿಸಿ ಹಿಂದಿರುಗದೆ, ಪೇಟ ಅಥವಾ ಸೆರಗು ತೆಗೆಸಿ ನೆತ್ತಿ, ಕಿವಿಯ ಹಿಂಭಾಗ, ಕುತ್ತಿಗೆ, ಬೆನ್ನು ಮತ್ತು ಅಂಗಾಲನ್ನೂ ನೋಡುವಂತೆ ವೈದ್ಯರನ್ನು ಕೇಳಿಕೊಳ್ಳಬೇಕು.